ಪಾತಾಳಗರಡಿ ಹಿಡಿದ ಹಡಗು

ಕೇಳುಗರಿಗೆ ನಮಸ್ಕಾರ.

ಬಾವಿಗೆ ಬಿದ್ದ ಕೊಡವನ್ನು ಪಾತಾಳಗರಡಿ ಬಿಟ್ಟು ಎತ್ತುವುದನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಕೊಕ್ಕೆಗೆ ಸಿಕ್ಕಿತು ಎನ್ನುವಷ್ಟರಲ್ಲಿ ಜಾರುತ್ತದೆ. ಮತ್ತೆ ಹಗ್ಗ ಇಳಿಸಬೇಕು. 1866ರ ಆಗಸ್ಟ್ ತಿಂಗಳಲ್ಲಿ ಅಟ್ಲಾಂಟಿಕ್ ಸಾಗರದ ನಡುವೆ ಒಂದು ಹಡಗು ಇದೇ ಕೆಲಸ ಮಾಡುತ್ತಿತ್ತು. ಅಲ್ಲಿ ಆಳ ಎರಡು ಮೈಲಿಗೂ ಹೆಚ್ಚು. ಹುಡುಕುತ್ತಿದ್ದುದು ಹಿಂದಿನ ವರ್ಷ ತುಂಡಾಗಿ ಮುಳುಗಿದ್ದ ಟೆಲಿಗ್ರಾಫ್ ತಂತಿಯನ್ನು.

ಆ ಹಡಗಿನ ಹೆಸರು ಗ್ರೇಟ್ ಈಸ್ಟರ್ನ್. ಉದ್ದ 692 ಅಡಿ. ಎರಡು ಮಗ್ಗುಲಲ್ಲೂ 56 ಅಡಿ ವ್ಯಾಸದ ಚಕ್ರಗಳು, ಹಿಂದೆ ನೀರಿನೊಳಗೆ 24 ಅಡಿಯ ಪ್ರೊಪೆಲರ್, ಮೇಲೆ ಹಾಯಿ ಕಟ್ಟಲು ಆರು ಕಂಬಗಳು. ದಾರಿಯಲ್ಲೆಲ್ಲೂ ಕಲ್ಲಿದ್ದಲು ತುಂಬಿಸಿಕೊಳ್ಳದೆ ಪೂರ್ವ ದೇಶಗಳಿಗೆ ಹೋಗಿಬರಲಿ ಎಂದು ಇಂಗ್ಲೆಂಡಿನ ಎಂಜಿನಿಯರ್ ಬ್ರೂನೆಲ್ ರೂಪಿಸಿದ್ದು. ನೀರಿಗಿಳಿಸುವುದಕ್ಕೇ ಮೂರು ತಿಂಗಳು ಹಿಡಿಯಿತು. 1859ರಲ್ಲಿ ಪರೀಕ್ಷಾ ಯಾನದಲ್ಲೇ ಸ್ಫೋಟವಾಗಿ ಬೆಂಕಿ ಗೂಡಿನ ಕೆಲಸಗಾರರು ಸತ್ತರು. ಕೆಲವೇ ದಿನಗಳಲ್ಲಿ ಬ್ರೂನೆಲ್ ಕೂಡ ತೀರಿಕೊಂಡರು. ಪೂರ್ವಕ್ಕೆ ಕಳಿಸುವ ಬದಲು ಮಾಲೀಕರು ಅದನ್ನು ಅಮೆರಿಕದ ದಾರಿಗೆ ಹಚ್ಚಿದರು. ನಾಲ್ಕು ಸಾವಿರ ಜನ ಹಿಡಿಯುವ ಹಡಗಿನ ಮೊದಲ ಯಾನಕ್ಕೆ ಟಿಕೆಟ್ ಕೊಂಡು ಹತ್ತಿದವರು ನಲವತ್ತು ಮಂದಿಯೂ ಇರಲಿಲ್ಲ.

ಇದನ್ನು ಸೋತ ಹಡಗು ಎಂದು ಬರೆದವರು ಇಲ್ಲಿಗೇ ನಿಲ್ಲುತ್ತಾರೆ. ನನಗೆ ಅದು ಅನ್ಯಾಯವೆನಿಸುತ್ತದೆ. ಸಾಗರದಾಚೆ ಮುಟ್ಟುವಷ್ಟು ತಂತಿಯನ್ನು ಒಂದೇ ಒಡಲಿನಲ್ಲಿ ಹೊರಬಲ್ಲ ಹಡಗು ಆಗ ಬೇರೆ ಇರಲಿಲ್ಲ. ಅಲ್ಲದೆ ಚಕ್ರಕ್ಕೊಂದು, ಪ್ರೊಪೆಲರ್‌ಗೊಂದು ಬೇರೆಬೇರೆ ಎಂಜಿನ್. ಒಂದನ್ನು ಮುಂದಕ್ಕೆ, ಇನ್ನೊಂದನ್ನು ಹಿಂದಕ್ಕೆ ನಡೆಸಿ ಅಷ್ಟು ದೊಡ್ಡ ದೇಹವನ್ನು ನಿಂತಲ್ಲೇ ತಿರುಗಿಸಬಹುದಿತ್ತು. ತಂತಿ ಜಗ್ಗಿ ಹರಿಯದಂತೆ ಕಾಯಲು ಬೇಕಾದದ್ದು ಅದೇ.

ತಂತಿ ಬಿಡುವಾಗ ಹಡಗಿನ ಕತ್ತಲೆ ಕೋಣೆಯಲ್ಲಿ ಒಬ್ಬರು ಕಣ್ಣು ಮಿಟುಕಿಸದೆ ಕೂತಿರುತ್ತಿದ್ದರು. ಎದುರಿನ ಅಳತೆಪಟ್ಟಿಯ ಮೇಲೆ ಸಣ್ಣ ಬೆಳಕಿನ ಚುಕ್ಕೆ. ವಿಜ್ಞಾನಿ ವಿಲಿಯಂ ಥಾಮ್ಸನ್ ಅವರ ಉಪಕರಣದ ಪುಟ್ಟ ಕನ್ನಡಿಯಿಂದ ಅದು ಬೀಳುತ್ತಿತ್ತು. ಚುಕ್ಕೆ ಪಟ್ಟಿಯಿಂದಾಚೆ ಹಾರಿತೆಂದರೆ ಕಡಲೊಳಗೆ ತಂತಿ ಕೆಟ್ಟಿದೆ ಎಂದರ್ಥ. 1866ರ ಜುಲೈ 27ರಂದು ಹೊಸ ತಂತಿ ಐರ್ಲೆಂಡಿನಿಂದ ಉತ್ತರ ಅಮೆರಿಕದ ನ್ಯೂಫೌಂಡ್‌ಲ್ಯಾಂಡ್ ಮುಟ್ಟಿತು. ಅಷ್ಟಕ್ಕೇ ಬಿಡದೆ ಹಡಗು ಕಳೆದುಹೋದ ಹಳೆಯ ತಂತಿಗಾಗಿ ನಡುಗಡಲಿಗೆ ಮರಳಿತು. ಕೊಕ್ಕೆ ಇಳಿಸಿದರು, ಸಿಕ್ಕಿತು, ಜಾರಿತು. ಹಲವು ಸಲ. ಸೆಪ್ಟೆಂಬರ್ ಮೊದಲಲ್ಲಿ ತುದಿ ಕೊನೆಗೂ ಮೇಲೆ ಬಂತು. ಅದನ್ನು ಆ ಕೋಣೆಗೆ ಒಯ್ದು ಉಪಕರಣಕ್ಕೆ ಸೇರಿಸಿ ಉಸಿರು ಬಿಗಿಹಿಡಿದು ಕಾದರು. ಐರ್ಲೆಂಡಿನ ವ್ಯಾಲೆನ್ಷಿಯಾದಿಂದ ಉತ್ತರ ಬಂತು. ವರ್ಷವಿಡೀ ಕಡಲಡಿ ಬಿದ್ದಿದ್ದ ತಂತಿ ಜೀವಂತವಾಗಿತ್ತು!

1870ರಲ್ಲಿ ಈ ಹಡಗು ಮುಂಬೈಗೂ ಬಂತು. ಸುಯೆಜ್ ಕಾಲುವೆಯೊಳಗೆ ಹಿಡಿಯದಷ್ಟು ದೊಡ್ಡದಾದ್ದರಿಂದ ಆಫ್ರಿಕಾವನ್ನು ಸುತ್ತಿಕೊಂಡು ಬಂತು, ಬಿಸಿಲಿಗೆ ತಂತಿ ಕೆಡದಂತೆ ಮೈಗೆ ಬಿಳಿ ಬಣ್ಣ ಬಳಿದುಕೊಂಡು. ಇಲ್ಲಿಂದ ಅರೇಬಿಯಾದ ಏಡನ್ ಬಂದರಿಗೆ ತಂತಿ ಹಾಸಿತು. ಧಾರವಾಡ ಆಗ ಮುಂಬೈ ಪ್ರಾಂತ್ಯದಲ್ಲಿತ್ತು. ಅಲ್ಲಿನ ಹತ್ತಿ ಕುಮಟಾ ಬಂದರಿನಿಂದ ಮುಂಬೈಗೆ ಹೋಗುತ್ತಿತ್ತು. ಇಂಗ್ಲೆಂಡಿನ ಪೇಟೆಯ ಸುದ್ದಿ ಇನ್ನು ಕಡಲಡಿಯ ತಂತಿಯಲ್ಲಿ ಬೇಗ ಬರತೊಡಗಿತು.

ಆಮೇಲೆ ತಂತಿ ಹಾಸಲೆಂದೇ ಕಟ್ಟಿದ ಹಡಗುಗಳು ಬಂದವು. ಗ್ರೇಟ್ ಈಸ್ಟರ್ನ್ ವರ್ಷಗಟ್ಟಲೆ ಸುಮ್ಮನೆ ನಿಂತು, ಕೊನೆಗೆ ಲಿವರ್‌ಪೂಲ್ ಎದುರಿನ ದಡದಲ್ಲಿ ಗುಜರಿಯಾಯಿತು. ಅದರ ಒಂದು ಕಂಬ ಮಾತ್ರ ಆನ್‌ಫೀಲ್ಡ್ ಫುಟ್‌ಬಾಲ್ ಮೈದಾನದಲ್ಲಿ ಬಾವುಟ ಹೊತ್ತು ಇಂದಿಗೂ ನಿಂತಿದೆ.

ನಮಸ್ಕಾರ.