ಮೆದುಳಿನ ಗಡ್ಡೆಗೆ ಔಷಧ ಒಯ್ಯುವ ಡಿಎನ್‌ಎ

ಕೇಳುಗರಿಗೆ ನಮಸ್ಕಾರ. ಮೆದುಳಿನ ಗಡ್ಡೆಯ ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ಹೈದರಾಬಾದಿನಿಂದ ಬೀದರಿಗೆ ಮರಳಿದ ನಮ್ಮ ಸೋದರಮಾವ, ಒಂದು ರಾತ್ರಿ ಖಾಲಿ ಹೊಟ್ಟೆಯಲ್ಲಿ ಟೆಮೊಜೊಲೊಮೈಡ್ ಎಂಬ ಕ್ಯಾನ್ಸರ್ ಗುಳಿಗೆಯನ್ನು ಅಂಗೈಯಲ್ಲಿಟ್ಟುಕೊಂಡು, "ಹೊಟ್ಟಿಗಿ ಹೋದ ಗುಳಿಗಿ ತಲಿಗಿ ಹ್ಯಾಂಗ ಮುಟ್ತದ, ತಮ್ಮಾ?" ಎಂದು ಕೇಳಿದ್ದರು.

ಈ ಪ್ರಶ್ನೆ ಸಣ್ಣದಲ್ಲ. ಮೆದುಳಿನ ಸೂಕ್ಷ್ಮ ರಕ್ತನಾಳಗಳ ಒಳಪದರದ ಜೀವಕೋಶಗಳು ಒಂದಕ್ಕೊಂದು ಬಿಗಿಯಾಗಿ ಬೆಸೆದುಕೊಂಡಿರುತ್ತವೆ. ಗ್ಲೂಕೋಸ್, ಕಬ್ಬಿಣದಂಥ ಅಗತ್ಯ ವಸ್ತುಗಳಿಗೆ ಮಾತ್ರ ಅಲ್ಲಿ ಪ್ರತ್ಯೇಕ ದ್ವಾರಗಳಿವೆ. ಮಾವನವರ ಔಷಧದ ಅಣು ತೀರ ಚಿಕ್ಕದು, ಹಾಗಾಗಿ ಒಂದಿಷ್ಟು ನುಸುಳುತ್ತದೆ. ಬೇರೆ ಕ್ಯಾನ್ಸರುಗಳಲ್ಲಿ ದಶಕಗಳಿಂದ ಬಳಕೆಯಲ್ಲಿರುವ ಡಾಕ್ಸೊರುಬಿಸಿನ್ ಮಾತ್ರ ಆ ಗೋಡೆಯನ್ನು ಸಾಕಷ್ಟು ದಾಟಲಾರದು. ಪ್ರಮಾಣ ಹೆಚ್ಚಿಸಿದರೆ ಹೃದಯಕ್ಕೆ ಅಪಾಯ. ನನ್ನ ಮಟ್ಟಿಗೆ, ಔಷಧದ ಬಲಕ್ಕಿಂತ ಅದರ ದಾರಿಯೇ ಇಲ್ಲಿ ದೊಡ್ಡ ಸಮಸ್ಯೆ.

ಆ ದಾರಿಗೆ ವಾಹನ ಕಟ್ಟಲು ವಿಜ್ಞಾನಿಗಳು ಡಿಎನ್‌ಎಯನ್ನೇ ಸಾಮಗ್ರಿಯಾಗಿ ಆರಿಸಿಕೊಂಡಿದ್ದಾರೆ. ಡಿಎನ್‌ಎ ಎಳೆಯೆಂದರೆ ಎ, ಟಿ, ಸಿ, ಜಿ ಎಂಬ ನಾಲ್ಕು ರಾಸಾಯನಿಕ ಅಕ್ಷರಗಳ ಸಾಲು. ಎ ಅಕ್ಷರಕ್ಕೆ ಟಿ, ಸಿ ಅಕ್ಷರಕ್ಕೆ ಜಿ ಜೋಡಿಯಾಗುವುದರಿಂದ, ಯಾವ ಎಳೆ ಎಲ್ಲಿ ಕೂಡಬೇಕೆಂಬುದನ್ನು ಮೊದಲೇ ಬರೆದಿಡಬಹುದು. 1982ರಲ್ಲಿ ನೇಡ್ರಿಯನ್ ಸೀಮನ್ ಈ ವಿಚಾರವನ್ನು ಮುಂದಿಟ್ಟರು. 2006ರಲ್ಲಿ ಪಾಲ್ ರೋಥಮಂಡ್ ಅವರು ವೈರಸ್ಸೊಂದರ 7,000ಕ್ಕೂ ಹೆಚ್ಚು ಅಕ್ಷರಗಳ ಉದ್ದನೆಯ ಎಳೆಯನ್ನು 200ಕ್ಕೂ ಹೆಚ್ಚು ಚಿಕ್ಕ ಎಳೆಗಳಿಂದ ಹೊಲಿದು, ಸುಮಾರು 100 ನ್ಯಾನೋಮೀಟರ್ (ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಭಾಗ) ಅಳತೆಯ ಆಕೃತಿಗಳಾಗಿ ಮಡಿಚಿದರು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಯಮುನಾ ಕೃಷ್ಣನ್ ಅವರ ತಂಡ 2009ರಲ್ಲಿ ಡಿಎನ್‌ಎ ಸಾಧನವೊಂದನ್ನು ಜೀವಂತ ಕೋಶದೊಳಗೆ ಇಳಿಸಿ ಅಲ್ಲಿಯ ಆಮ್ಲತೆಯನ್ನು ಅಳೆಯಿತು.

ನಮ್ಮ ಬಿದರಿ ಕುಶಲಕರ್ಮಿಗಳು ಕೊರೆದ ಗೆರೆಯೊಳಗೆ ಬೆಳ್ಳಿಯ ತಂತಿ ಕೂರಿಸುವುದನ್ನು ನೀವು ನೋಡಿರುತ್ತೀರಿ. ಡಾಕ್ಸೊರುಬಿಸಿನ್ನಿನ ಚಪ್ಪಟೆ ಅಣುವೂ ಡಿಎನ್‌ಎ ಏಣಿಯ ಎರಡು ಮೆಟ್ಟಿಲುಗಳ ನಡುವೆ ಹೀಗೆಯೇ ಸೇರಿಕೊಳ್ಳುತ್ತದೆ. ಬೆಳ್ಳಿ ಅಲ್ಲೇ ಉಳಿಯುತ್ತದೆ, ಔಷಧ ಕೋಶದೊಳಗೆ ಬಿಡಿಸಿಕೊಳ್ಳುತ್ತದೆ. ಕಬ್ಬಿಣ ಹೊರುವ ಟ್ರಾನ್ಸ್‌ಫೆರಿನ್ ಪ್ರೋಟೀನನ್ನು ಆಕೃತಿಯ ಹೊರಮೈಗೆ ಜೋಡಿಸಿದರೆ, ಕಬ್ಬಿಣದ ದ್ವಾರದಿಂದಲೇ ಅದನ್ನು ಒಳಗೆ ಕಳುಹಿಸಬಹುದೆಂಬುದು ಲೆಕ್ಕಾಚಾರ.

ತೊಡಕುಗಳೂ ಇವೆ. ರಕ್ತದಲ್ಲಿನ ಕಿಣ್ವಗಳು ಡಿಎನ್‌ಎಯನ್ನು ಕತ್ತರಿಸುತ್ತವೆ, ರೋಗನಿರೋಧಕ ವ್ಯವಸ್ಥೆ ಅದನ್ನು ಪರಕೀಯವೆಂದು ಎಣಿಸಬಹುದು. ಆದ್ದರಿಂದ ಪಾಲಿಮರ್ ಹೊದಿಕೆ ಕೊಡುವ ಪ್ರಯತ್ನ ನಡೆದಿದೆ. ಮಡಿಚಿದ ಡಿಎನ್‌ಎ ಇನ್ನೂ ಆಸ್ಪತ್ರೆಯ ಚಿಕಿತ್ಸೆಯಾಗಿಲ್ಲ. ಆದರೆ ಅದರ ಸೋದರ ತಂತ್ರವೊಂದನ್ನು, ಅಂದರೆ ಡಿಎನ್‌ಎಯ ಹತ್ತಿರದ ಬಂಧುವಾದ ಆರ್‌ಎನ್‌ಎ ಎಳೆಗಳನ್ನು ಹೊದ್ದ ಚಿನ್ನದ ಕಣಗಳನ್ನು, ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ವೈದ್ಯರು ಗ್ಲಯೋಬ್ಲಾಸ್ಟೋಮಾ ಎಂಬ ಉಗ್ರ ಮೆದುಳಿನ ಗಡ್ಡೆ ಮರುಕಳಿಸಿದ ರೋಗಿಗಳ ರಕ್ತನಾಳಕ್ಕೆ ಶಸ್ತ್ರಚಿಕಿತ್ಸೆಗೆ ಮುನ್ನ ಕೊಟ್ಟರು. ತೆಗೆದ ಗಡ್ಡೆಯ ಕೋಶಗಳಲ್ಲಿ ಆ ಚಿನ್ನ ಸಿಕ್ಕಿತೆಂದು 2021ರಲ್ಲಿ ವರದಿಯಾಯಿತು.