ಮೊದಲು ಪತ್ರ ತೋರಿಸಿ

ಕೇಳುಗರೇ, ನಮಸ್ಕಾರ.

ಆಷಾಢ ಬಂತೆಂದರೆ ನಮ್ಮ ಮೈಸೂರಿನಲ್ಲಿ ಮನೆ ವ್ಯಾಪಾರ ಸ್ವಲ್ಪ ತಣ್ಣಗಾಗುತ್ತದೆ. ಶುಕ್ರವಾರ ಚಾಮುಂಡಿ ಬೆಟ್ಟದಲ್ಲಿ ಜನವೋ ಜನ. ಮನೆ ಕೊಳ್ಳುವವರು ಮಾತ್ರ ಶ್ರಾವಣ ಬರಲಿ, ಆಮೇಲೆ ಅಡ್ವಾನ್ಸ್ ಕೊಡೋಣ ಅಂತ ಕಾಯುತ್ತಿರುತ್ತಾರೆ. ಈ ಒಂದು ತಿಂಗಳು ಸುಮ್ನೆ ಕೂರಬೇಡಿ. ಒಬ್ಬ ಒಳ್ಳೆಯ ಏಜೆಂಟ್ ಯಾರು ಅಂತ ವಿಚಾರಿಸಿ. ದಲ್ಲಾಳಿ ಅನ್ನಿ, ಬ್ರೋಕರ್ ಅನ್ನಿ, ಜೀವಮಾನದ ದುಡಿಮೆ ಅವರ ಮಾತಿನ ಮೇಲೆ ಕೈ ಬದಲಾಗುತ್ತದೆ, ಅಲ್ವಾ?

ನಮ್ಮ ಮನೆಯಲ್ಲೇ ನಡೆದದ್ದನ್ನು ಹೇಳುತ್ತೇನೆ. ಸರಸ್ವತಿಪುರದಲ್ಲಿ ಅಪ್ಪ ಸ್ವಂತ ದುಡಿಮೆಯಿಂದ ಕಟ್ಟಿಸಿದ ಮನೆ ಇತ್ತು. ಅವರು ಉಯಿಲು ಬರೆಯದೆ ತೀರಿಕೊಂಡರು. ಅಮ್ಮನಿಗೆ ಮಹಡಿ ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. ಮಾರಿಬಿಡೋಣ ಅಂತ ಅಮ್ಮ, ನಾನು, ತಂಗಿ, ತಮ್ಮ ಎಲ್ಲರೂ ಒಪ್ಪಿದೆವು. ಮೊದಲು ಬಂದ ಏಜೆಂಟ್ ಮನೆಯನ್ನು ಒಂದು ಸುತ್ತು ನೋಡಿ, ನಾವು ಕನಸಲ್ಲೂ ಎಣಿಸದ ಬೆಲೆ ಹೇಳಿದರು. ಒಂದೇ ಒಂದು ಕಾಗದ ಕೇಳಲಿಲ್ಲ. ಆಮೇಲೆ ತಮ್ಮನ ಕಡೆ ತಿರುಗಿ, "ಸರ್, ಖಾತೆ ನಿಮ್ಮ ಹೆಸರಿಗೆ ಮಾಡಿಸಿಬಿಡೋಣ. ಮದುವೆ ಆಗಿ ಹೋದ ಹೆಣ್ಣುಮಕ್ಕಳ ಸಹಿ ಎಲ್ಲ ಯಾಕೆ, ಸುಮ್ನೆ ಲೇಟ್ ಆಗುತ್ತೆ" ಅಂದರು. ನಾನು ಕಾಫಿ ಲೋಟ ಹಿಡಿದು ಅಲ್ಲೇ ನಿಂತಿದ್ದೆ.

ನನ್ನ ಪಾಲಿನ ದುಡ್ಡಿಗಾಗಿ ಬೇಜಾರಾಗಲಿಲ್ಲ. ಆ ಮಾತು ಎಷ್ಟು ಅಪಾಯದ್ದು ಅಂತ ಅವರಿಗೆ ಗೊತ್ತಿತ್ತು, ಆದರೂ ಹೇಳಿದರು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಅಂಥ ಮನೆಯಲ್ಲಿ ಅಮ್ಮನಿಗೂ ಮೂವರು ಮಕ್ಕಳಿಗೂ ಸಮಪಾಲು. ಖಾತೆ ಅನ್ನುವುದು ಕಂದಾಯ ಕಟ್ಟುವವರು ಯಾರು ಅನ್ನುವ ದಾಖಲೆ. ಅದೊಂದರಿಂದಲೇ ಯಾರೂ ಮಾಲೀಕರಾಗುವುದಿಲ್ಲ. ತಮ್ಮನೊಬ್ಬನೇ ಸಹಿ ಹಾಕಿ ಮಾರಿದ್ದರೆ, ಕೊಂಡವರು ಮುಂದೆ ಕೋರ್ಟು ಅಲೆಯಬೇಕಿತ್ತು. ನಾವೂ ಅಲೆಯಬೇಕಿತ್ತು. ಅಷ್ಟು ಹೊತ್ತಿಗೆ ಕಮಿಷನ್ ತೆಗೆದುಕೊಂಡವರು ಎಲ್ಲಿರುತ್ತಿದ್ದರೋ.

ಪಕ್ಕದ ಬೀದಿಯವರು ಇನ್ನೊಬ್ಬರನ್ನು ಹೇಳಿದರು. ವಯಸ್ಸಾದವರು, ಹಳೆಯ ಸ್ಕೂಟರಿನಲ್ಲಿ ಬಂದರು. ಕೂರುತ್ತಲೇ, "ಅಮ್ಮಾವ್ರೇ, ಬೆಲೆ ಆಮೇಲೆ ಮಾತಾಡೋಣ, ಮೊದಲು ಪತ್ರ ತೋರಿಸಿ" ಅಂದರು. ಅಪ್ಪನ ಕ್ರಯಪತ್ರ, ಅದರ ಹಿಂದಿನ ಮೂಲಪತ್ರ, ಪ್ಲಾನ್, ಕಂದಾಯದ ರಸೀದಿ, ಅಪ್ಪನ ಮರಣ ಪ್ರಮಾಣಪತ್ರ, ಎಲ್ಲವನ್ನೂ ಹರಡಿಕೊಂಡು ಒಂದು ಗಂಟೆ ಓದಿದರು. ವಂಶವೃಕ್ಷ ಮಾಡಿಸಿ, ಶಿವಮೊಗ್ಗದಿಂದ ನಿಮ್ಮ ತಂಗಿ ಬರದೆ ನಾನು ಮನೆಯನ್ನು ಯಾರಿಗೂ ತೋರಿಸುವುದಿಲ್ಲ ಅಂದರು. ಅವರು ಹೇಳಿದ ಬೆಲೆ ಮೊದಲನೆಯವರಿಗಿಂತ ಕಡಿಮೆಯೇ. ಆದರೆ ಅದೇ ರಸ್ತೆಯಲ್ಲಿ ಈಚೆಗೆ ಮಾರಾಟವಾದ ಎರಡು ಮನೆಗಳನ್ನು ತೋರಿಸಿ, ಅದಕ್ಕೂ ನಮ್ಮ ಮನೆಗೂ ಏನು ವ್ಯತ್ಯಾಸ ಅಂತ ವಿವರಿಸಿದರು. ಮಾರುವವರು ಇದನ್ನು ಗಮನಿಸಿ. ಮನೆ ಕೈಗೆ ಸಿಗಲಿ ಅಂತ ಕೆಲವರು ಬೆಲೆಯನ್ನು ಬೇಕೆಂದೇ ಏರಿಸಿ ಹೇಳುತ್ತಾರೆ. ಆರು ತಿಂಗಳು ಬೋರ್ಡು ಹಾಗೇ ನೇತಾಡುತ್ತದೆ. ಆಮೇಲೆ ಒಂದೊಂದೇ ಲಕ್ಷ ಇಳಿಸುತ್ತಾ ಬರುತ್ತಾರೆ. ಅಷ್ಟೊತ್ತಿಗೆ ಆ ಮನೆಯಲ್ಲಿ ಏನೋ ದೋಷ ಇದೆ ಅಂತ ಜನ ಮಾತಾಡಲು ಶುರು ಮಾಡಿರುತ್ತಾರೆ.

ಇನ್ನೊಂದು ಮಾತು. ಅಸಲು ಪತ್ರಗಳನ್ನು ಏಜೆಂಟ್ ಕೈಗೆ ಕೊಡಬೇಡಿ. ಜೆರಾಕ್ಸ್ ಸಾಕು. ಓಡಾಟ ತಪ್ಪುತ್ತೆ, ಜಿಪಿಎ, ಅಂದರೆ ನಿಮ್ಮ ಪರವಾಗಿ ವ್ಯವಹರಿಸುವ ಅಧಿಕಾರ ಪತ್ರ, ಬರೆದುಕೊಡಿ ಅಂತ ಕೇಳಿದರೆ ಖಂಡಿತ ಬೇಡ ಅನ್ನಿ. ಕೊಳ್ಳುವವರಿಗೂ ಇದು ಅನ್ವಯಿಸುತ್ತದೆ. ಜಿಪಿಎ ಮತ್ತು ಅಗ್ರಿಮೆಂಟ್ ಮೇಲಷ್ಟೇ ಮನೆ ಕೊಂಡರೆ ಮಾಲೀಕತ್ವ ಬರುವುದಿಲ್ಲ, ನೋಂದಣಿಯಾದ ಕ್ರಯಪತ್ರವೇ ಬೇಕು ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಸ್ಪಷ್ಟವಾಗಿ ಹೇಳಿದೆ.

ಆ ಮನೆ ಮಾರಿ, ಬೋಗಾದಿ ಕಡೆ ಅಮ್ಮನಿಗೆ ಒಂದು ನೆಲಮಹಡಿಯ ಮನೆ ಹುಡುಕಿದೆವು. ಅದೇ ಏಜೆಂಟ್. ಮೊದಲ ಮನೆ ನನಗೆ ತುಂಬಾ ಹಿಡಿಸಿತ್ತು. ಪೂರ್ವಕ್ಕೆ ಬಾಗಿಲು, ಮುಂದೆ ಸಂಪಿಗೆ ಮರ. ಗೇಟಿನ ಹೊರಗೆ ಬಂದ ಮೇಲೆ ಅವರು ಮೆಲ್ಲಗೆ, "ಇದು ಬೇಡಮ್ಮ. ರೆವಿನ್ಯೂ ಸೈಟು. ಜಮೀನು ಅಲಿನೇಷನ್ ಆಗಿಲ್ಲ, ಲೇಔಟಿಗೆ ಮುಡಾ ಒಪ್ಪಿಗೆ ಇಲ್ಲ" ಅಂದರು. ಅಂದರೆ, ಕೃಷಿ ಜಮೀನನ್ನು ಮನೆ ಕಟ್ಟಲು ಪರಿವರ್ತನೆ ಮಾಡಿಸಿಲ್ಲ, ನಗರಾಭಿವೃದ್ಧಿ ಪ್ರಾಧಿಕಾರವೂ ಒಪ್ಪಿಲ್ಲ ಅಂತ. ನಾನು ಹೂಂ ಅಂದಿದ್ದರೆ ಅವತ್ತೇ ಅವರಿಗೆ ಕಮಿಷನ್ ಸಿಗುತ್ತಿತ್ತು. ಒಬ್ಬ ಏಜೆಂಟನ್ನು ನಂಬಬಹುದೋ ಇಲ್ಲವೋ ಅನ್ನುವುದಕ್ಕೆ ನನಗೆ ಗೊತ್ತಿರುವ ಗುರುತು ಇದೊಂದೇ. ತನ್ನ ಕಮಿಷನ್ ಹೋದರೂ ಸರಿ, ಬೇಡ ಅನ್ನುತ್ತಾರಾ ನೋಡಿ.

ಎರಡನೆಯ ಮನೆಗೆ ಇಸಿ, ಅಂದರೆ ಆಸ್ತಿಯ ಮೇಲೆ ನೋಂದಣಿಯಾದ ಸಾಲ, ಮಾರಾಟಗಳನ್ನು ತೋರಿಸುವ ಋಣಭಾರ ಪತ್ರ, ಮೂವತ್ತು ವರ್ಷದ್ದು ತೆಗೆಸಿದೆವು. 2004ರಿಂದ ಈಚೆಗಿನದು ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಿನಲ್ಲೇ ಸಿಕ್ಕಿತು. ಅದಕ್ಕೂ ಹಿಂದಿನದಕ್ಕೆ ಕಚೇರಿಗೆ ಹೋಗಬೇಕಾಯಿತು. ಹಳೆಯ ಬ್ಯಾಂಕ್ ಸಾಲ ತೀರಿತ್ತು, ಆದರೆ ಅದರ ಬಿಡುಗಡೆ ಪತ್ರ ನೋಂದಣಿ ಆಗಿರಲಿಲ್ಲ. ನಾವು ಕೇಳುವ ಮೊದಲೇ ಏಜೆಂಟ್ ಅದನ್ನು ಬೆರಳಿಟ್ಟು ತೋರಿಸಿದರು. ಅದು ಸರಿಯಾಗುವವರೆಗೆ ಅಡ್ವಾನ್ಸ್ ಕೊಡಲು ಬಿಡಲಿಲ್ಲ. ನೀರಿನ ವಿಷಯದಲ್ಲೂ ಅಷ್ಟೇ. ಹೊರಗಿನ ಬಡಾವಣೆಗಳಲ್ಲಿ ಕಾವೇರಿ ನೀರು ಬರುತ್ತೆ ಅಂತ ಹೇಳುವವರು ಜಾಸ್ತಿ. ಇವರು ನಮ್ಮನ್ನು ಪಕ್ಕದ ಮನೆಗೆ ಕರೆದುಕೊಂಡು ಹೋಗಿ, ನೀವೇ ಕೇಳಿ ಅಂದರು. ವಾರಕ್ಕೆ ಎರಡು ದಿನ ಬರುತ್ತೆ, ಉಳಿದ ದಿನ ಬೋರ್‌ವೆಲ್ ಅಂತ ಆ ಮನೆಯ ಅಜ್ಜಿ ಹೇಳಿದರು.

ಹೊಸ ಲೇಔಟು, ಹೊಸ ಅಪಾರ್ಟ್‌ಮೆಂಟ್ ಆದರೆ ರೇರಾ, ಅಂದರೆ ರಿಯಲ್ ಎಸ್ಟೇಟ್ ಕಾಯ್ದೆಯ ನೋಂದಣಿ ನಂಬರ್ ಕೇಳಿ. 2016ರ ಆ ಕಾಯ್ದೆಯಲ್ಲಿ ಯೋಜನೆಗಷ್ಟೇ ಅಲ್ಲ, ಅಲ್ಲಿ ಮಾರಿಸಿಕೊಡುವ ಏಜೆಂಟಿಗೂ ನೋಂದಣಿ ಕಡ್ಡಾಯ. ನಂಬರ್ ಕೊಟ್ಟರೆ ಕರ್ನಾಟಕ ರೇರಾ ವೆಬ್‌ಸೈಟಿನಲ್ಲಿ ನೀವೇ ನೋಡಬಹುದು. ನಮ್ಮಂಥ ಹಳೆಯ ಬಿಡಿ ಮನೆಯ ವ್ಯಾಪಾರಕ್ಕೆ ಅದು ಕಡ್ಡಾಯವಲ್ಲ. ಅಲ್ಲಿ ಆ ಏಜೆಂಟ್ ಮೂಲಕ ಹಿಂದೆ ಕೊಂಡವರನ್ನೇ ಹೋಗಿ ಕೇಳಬೇಕು.

ಕಮಿಷನ್ ಎಷ್ಟು, ಯಾವಾಗ, ಎದುರಿನವರಿಂದಲೂ ತೆಗೆದುಕೊಳ್ಳುತ್ತಾರಾ, ಇದನ್ನು ಮೊದಲ ದಿನವೇ ಸಂಕೋಚ ಬಿಟ್ಟು ಕೇಳಿ ಬರೆದಿಟ್ಟುಕೊಳ್ಳಿ. ದುಡ್ಡು ಬ್ಯಾಂಕಿನ ಮೂಲಕವೇ ಹೋಗಲಿ. ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ತೆಗೆದುಕೊಂಡರೆ, ತೆಗೆದುಕೊಂಡಷ್ಟೇ ದಂಡ ಬೀಳಬಹುದು. ಬೆಲೆ 50 ಲಕ್ಷ ಮುಟ್ಟಿದರೆ ಕೊಳ್ಳುವವರು ಕೊಡುವ ದುಡ್ಡಿನಲ್ಲೇ ನೂರಕ್ಕೆ ಒಂದರಂತೆ ತೆರಿಗೆ ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಮಾರುವವರು ವಿದೇಶದಲ್ಲಿ ನೆಲೆಸಿದ್ದರೆ ಆ ಲೆಕ್ಕವೇ ಬೇರೆ. ಮಕ್ಕಳು ಅಮೆರಿಕದಲ್ಲಿರುವ ಮನೆಗಳು ನಮ್ಮೂರಲ್ಲಿ ಎಷ್ಟಿವೆ ನೋಡಿ. ಇದನ್ನು ಏಜೆಂಟೇ ನೆನಪಿಸಬೇಕು. ಆದರೆ ಎಷ್ಟೇ ಒಳ್ಳೆಯವರಾದರೂ ಅವರು ವಕೀಲರಲ್ಲ. ಪತ್ರಗಳನ್ನು ನಿಮ್ಮದೇ ವಕೀಲರಿಗೆ ತೋರಿಸಿ. ಅದಕ್ಕೆ ಮುಖ ಸಿಂಡರಿಸುವ ಏಜೆಂಟ್ ಆದರೆ, ಅಲ್ಲಿಗೇ ನಮಸ್ಕಾರ ಹೇಳಿ.

ಆ ಎರಡನೆಯ ಮನೆ ಅಮ್ಮನ ಹೆಸರಿಗೆ ರಿಜಿಸ್ಟರ್ ಆದ ದಿನ ನಮ್ಮ ಏಜೆಂಟ್ ಅರ್ಧ ಕಮಿಷನ್ ಮಾತ್ರ ತೆಗೆದುಕೊಂಡರು. ಉಳಿದಿದ್ದು ಖಾತೆ ಆದ ಮೇಲೆ ಕೊಡಿ ಅಂದರು. ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಅದೇ ಸ್ಕೂಟರ್ ಬಂದು ನಿಂತಿತು. ಇ-ಖಾತೆಯ ಪ್ರತಿ ತಂದಿದ್ದರು. ಅಮ್ಮ ಕನ್ನಡಕ ಹಾಕಿಕೊಂಡು ತಮ್ಮ ಹೆಸರನ್ನು ಓದಿದರು. ಅಪ್ಪನ ಹೆಸರನ್ನೂ ಓದಿದರು. ಆಮೇಲೆ ಒಳಗೆ ಹೋಗಿ ಚೆಕ್ ಬುಕ್ ತಂದರು.

ನಮಸ್ಕಾರ.