ಗ್ಯಾಪ್ ಬಂತು ಸರಿ, ಯಾಕೆ ಬಂತು?

ನಮಸ್ಕಾರ. ಸೋಮವಾರಪೇಟೆಯಿಂದ ಮಾತಾಡುತ್ತಿದ್ದೇನೆ. ಹಿಂದೆ ಸದ್ದು ಕೇಳಿಸಿದರೆ ಅದು ಶೀಟಿನ ಮೇಲೆ ಬೀಳುತ್ತಿರುವ ಮಳೆ. ಅದು ನಿಲ್ಲಲಿ ಅಂತ ಕಾದರೆ ಈ ವಿಡಿಯೋ ದೀಪಾವಳಿಗೇ ಬರೋದು.

ಇವತ್ತಿನದು ಒಂದು ಹಳೇ ಜಗಳ. ಕಾಫಿ ರೇಟಿನದ್ದಲ್ಲ, ಎಲೆಕ್ಟ್ರಾನುಗಳದ್ದು. 1986ರಲ್ಲಿ ಬೆಡ್ನೋರ್ಜ್ ಮತ್ತು ಮ್ಯೂಲರ್ ಅನ್ನುವ ಭೌತವಿಜ್ಞಾನಿಗಳು ತಾಮ್ರದ ಆಕ್ಸೈಡ್ ಒಂದರಲ್ಲಿ ಸೂಪರ್‌ಕಂಡಕ್ಟಿವಿಟಿ ಕಂಡರು, ಅಂದರೆ ತುಂಬ ತಂಪು ಮಾಡಿದಾಗ ಅಡ್ಡಿಯೇ ಇಲ್ಲದೆ ಕರೆಂಟ್ ಹರಿಯುವುದು. ಮರುವರ್ಷವೇ ನೊಬೆಲ್ ಸಿಕ್ಕಿತು. ಈ ಜಾತಿಯ ವಸ್ತುಗಳಿಗೆ ಕ್ಯುಪ್ರೇಟ್ ಅಂತ ಹೆಸರು. ಸೂಪರ್‌ಕಂಡಕ್ಟರ್‌ನಲ್ಲಿ ಎಲೆಕ್ಟ್ರಾನುಗಳು ಜೋಡಿ ಕಟ್ಟುತ್ತವೆ. ಜೋಡಿ ಒಡೆಯಲು ಇಷ್ಟು ಶಕ್ತಿ ಬೇಕು ಅನ್ನುವುದೇ ಗ್ಯಾಪ್. ಇದು ಸೂಪರ್‌ಕಂಡಕ್ಟಿವಿಟಿಯನ್ನು ವಿವರಿಸಿದ 1957ರ ಬಿಸಿಎಸ್ ಸಿದ್ಧಾಂತದ ಕಾಲದಿಂದ ಗೊತ್ತು. ಕ್ಯುಪ್ರೇಟ್ ಮಾತ್ರ ಸೂಪರ್‌ಕಂಡಕ್ಟರ್ ಆಗುವ ಎಷ್ಟೋ ಮೊದಲೇ, ಇನ್ನೂ ಬಿಸಿ ಇರುವಾಗಲೇ, ಅರ್ಧಂಬರ್ಧ ಗ್ಯಾಪ್ ತೋರಿಸುತ್ತದೆ. 1989ರ ಹೊತ್ತಿಗೇ ಎನ್‌ಎಂಆರ್, ಅಂದರೆ ಪರಮಾಣು ಬೀಜಗಳ ಅಯಸ್ಕಾಂತ ಗುಣ ಬಳಸುವ ಅಳತೆಯಲ್ಲಿ ಸುಳಿವು ಸಿಕ್ಕಿತ್ತು. ಅದೇ ಸೂಡೋಗ್ಯಾಪ್. ಹುಸಿ ಗ್ಯಾಪ್ ಅನ್ನಿ. ಅದು ಯಾಕೆ ಬರುತ್ತದೆ ಅನ್ನುವುದೇ ಜಗಳ.

ಮಡಿಕೇರಿ ದಸರಾಕ್ಕೆ ಹೋದವರಿಗೆ ಇದನ್ನು ಹೇಳುವುದು ಸುಲಭ. ವಿಜಯದಶಮಿ ರಾತ್ರಿ, ದಶಮಂಟಪಗಳು ಹೊರಟಿವೆ. ಒಬ್ಬೊಬ್ಬರಿಗೆ ಒಂದೊಂದು ಹೆಜ್ಜೆ ಜಾಗ, ಅಷ್ಟೇ. ಕಾಲು ಎತ್ತಿದರೆ ಇನ್ನೊಬ್ಬರ ಕಾಲ ಮೇಲೇ ಇಡಬೇಕು. ರಸ್ತೆ ತೆರೆದೇ ಇದೆ, ಆದರೂ ಯಾರೂ ಕದಲುವುದಿಲ್ಲ. ಕ್ಯುಪ್ರೇಟ್‌ನ ಮೂಲ ಸ್ಥಿತಿ ಹೀಗೆ. ಎಲೆಕ್ಟ್ರಾನುಗಳು ಕದಲದ ಕಾರಣ ಕರೆಂಟ್ ಹರಿಯುವುದಿಲ್ಲ. ಇದಕ್ಕೆ ಮಾಟ್ ಇನ್ಸುಲೇಟರ್ ಅನ್ನುತ್ತಾರೆ. ಗುಂಪಿನಿಂದ ಕೆಲವರನ್ನು ತೆಗೆದರೆ ಉಳಿದವರು ನುಸುಳಬಹುದು, ಆದರೆ ಎಲ್ಲ ಕಡೆಗೂ ಅಲ್ಲ. ಮೆರವಣಿಗೆಯ ಉದ್ದಕ್ಕೆ ಸಾಗಬಹುದು, ಅಡ್ಡ ದಾಟಲು ಆಗುವುದಿಲ್ಲ. ಕ್ಯುಪ್ರೇಟ್‌ನಲ್ಲೂ ತಾಮ್ರ ಮತ್ತು ಆಮ್ಲಜನಕದ ಸಾಲಿನ ದಿಕ್ಕಿನಲ್ಲಿ ಗ್ಯಾಪ್, ಅಂದರೆ ಅಡ್ಡಿ, ಇದೆ, ಮೂಲೆಯಿಂದ ಮೂಲೆಗೆ ಹೋದರೆ ಇಲ್ಲ. ಹೋಲಿಕೆ ಇಲ್ಲಿಗೆ ಸಾಕು. ಎಲೆಕ್ಟ್ರಾನಿಗೆ ಸ್ಪಿನ್ ಇದೆ, ಅಂದರೆ ಪುಟ್ಟ ಅಯಸ್ಕಾಂತದ ಹಾಗೆ ಮೇಲೆ ಅಥವಾ ಕೆಳಗೆ ಮುಖ ಮಾಡುವ ಗುಣ, ದಸರಾ ನೋಡಲು ಬಂದವರಿಗೆ ಇಲ್ಲ.

ಇದನ್ನು ಲೆಕ್ಕಕ್ಕೆ ಇಳಿಸುವುದು ಹಬ್ಬರ್ಡ್ ಮಾಡೆಲ್, 1963ರದು. ಅದರಲ್ಲಿ ಮುಖ್ಯವಾಗಿ ಎರಡೇ ಅಂಕಿ. ಪಕ್ಕದ ಜಾಗಕ್ಕೆ ಹಾರುವುದು ಎಷ್ಟು ಸಲೀಸು ಅನ್ನುವುದು ಟಿ. ಒಂದೇ ಜಾಗದಲ್ಲಿ ಇಬ್ಬರು ನಿಂತರೆ ಕೊಡಬೇಕಾದ ದಂಡ ಯು. ಬರೆಯಲು ಅರ್ಧ ಸಾಲು, ಬಿಡಿಸಲು ಜೀವಮಾನ. ಒಂದು ಜಾಗ ಖಾಲಿ ಇರಬಹುದು, ಒಂದು ಎಲೆಕ್ಟ್ರಾನ್ ಇರಬಹುದು, ಅದರಲ್ಲೂ ಸ್ಪಿನ್ ಎರಡು ಥರ, ಇಲ್ಲವೇ ಎರಡೂ ಇರಬಹುದು. ಒಟ್ಟು 4 ಸ್ಥಿತಿ. 16 ಜಾಗ ಇಟ್ಟರೆ ಸುಮಾರು 429 ಕೋಟಿ. 36 ಜಾಗಕ್ಕೆ 22 ಅಂಕಿಯ ಸಂಖ್ಯೆ! ಸರಿ, ಎಲ್ಲವನ್ನೂ ಎಣಿಸದೆ ಅಲ್ಲೊಂದು ಇಲ್ಲೊಂದು ಆರಿಸಿ ಲೆಕ್ಕ ಹಾಕುವ ಮಾಂಟೆ ಕಾರ್ಲೋ ಮಾಡೋಣ ಅಂದರೆ ಪ್ಲಸ್ಸು ಮೈನಸ್ಸು ಒಂದನ್ನೊಂದು ಹೊಡೆದುಹಾಕಿ ಕೊನೆಗೆ ಬರೀ ಗದ್ದಲ ಉಳಿಯುತ್ತದೆ.

ಹಾಗಾಗಿ ಒಂದು ಉಪಾಯ. ಒಂದೇ ಜಾಗ ಹಿಡಿದು, ಸುತ್ತಲಿನ ಲೋಕವನ್ನೆಲ್ಲ ಸರಾಸರಿ ಮಾಡುವುದು. ಆದರೆ ಒಂದೇ ಜಾಗಕ್ಕೆ ದಿಕ್ಕು ಎಲ್ಲಿಂದ ಬರಬೇಕು? ಅದಕ್ಕೆ ಒಂದು ಸಣ್ಣ ಗುಂಪನ್ನು ಹಿಡಿಯುವ ವಿಧಾನ ಬಂತು. 1998ರಲ್ಲಿ ಅದನ್ನು ಮುಂದಿಟ್ಟವರಲ್ಲಿ ಭೌತವಿಜ್ಞಾನಿ ಮಾರ್ಕ್ ಜಾರೆಲ್ ಜೊತೆ ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ ಐಐಎಸ್‌ಸಿಯ ಎಚ್.ಆರ್. ಕೃಷ್ಣಮೂರ್ತಿ ಅವರೂ ಇದ್ದರು. 4 ಅಥವಾ 8 ಜಾಗದ ಗುಂಪು ಸಾಕು, ಹುಸಿ ಗ್ಯಾಪ್ ಸರಿಯಾದ ದಿಕ್ಕಿನಲ್ಲೇ ಕಾಣುತ್ತದೆ. ಯಾರೂ ಕೈಯಿಂದ ತುರುಕಿದ್ದಲ್ಲ.

ಇಲ್ಲಿಂದ ನನ್ನ ತಕರಾರು. ಗ್ಯಾಪನ್ನು ಮೊದಲೇ ಸಮೀಕರಣದಲ್ಲಿ ಕೂರಿಸಿ, ನಾಲ್ಕಾರು ತಿರುಪು ತಿರುಗಿಸಿ, ಗ್ರಾಫ್ ಹೊಂದಿತು ನೋಡಿ ಅನ್ನುವ ಮಾಡೆಲ್‌ಗಳಿವೆ. ಪ್ರಯೋಗ ಮಾಡುವವರಿಗೆ ಉಪಯೋಗ ಇದೆ, ಇಲ್ಲ ಅನ್ನಲ್ಲ. ಆದರೆ ಅದನ್ನು ವಿವರಣೆ ಅಂದರೆ ನಾನು ಒಪ್ಪೋದಿಲ್ಲ. ಒಂದು ವರ್ಷ ನಮ್ಮ ಅರೇಬಿಕಾ ಕಾಫಿ ಫಸಲು ಇಳಿಯಿತು. ಹೂಮಳೆ ತಡ ಆಯ್ತು ಅಂದರು ಅಪ್ಪ. ಗೊಬ್ಬರ ಸಾಲಲಿಲ್ಲ ಅಂದರು ಚಿಕ್ಕಪ್ಪ. ಒಟ್ಟು ಮೂಟೆ ಲೆಕ್ಕಕ್ಕೆ ಎರಡೂ ಹೊಂದುತ್ತಿತ್ತು. ಆಮೇಲೆ ಸುಮ್ನೆ ತೋಟ ಸುತ್ತಿದೆವು. ಸೊರಗಿದ ಗಿಡಗಳೆಲ್ಲ ನೆರಳು ಕಮ್ಮಿ ಇದ್ದ ಕಡೆಯೇ ಇದ್ದವು. ಬುಡ ಸೀಳಿದರೆ ಕಾಂಡಕೊರಕ. ಎಷ್ಟು ಇಳಿಯಿತು ಅನ್ನುವುದಕ್ಕಿಂತ ಎಲ್ಲಿ ಇಳಿಯಿತು ಅನ್ನುವುದೇ ಕಳ್ಳನನ್ನು ಹಿಡಿದುಕೊಟ್ಟಿತು, ಅಲ್ವಾ?

ಹಬ್ಬರ್ಡ್ ಮಾಡೆಲ್‌ನ ಬುಡವನ್ನು ಹೀಗೆ ಸೀಳಿದ್ದು 2015ರಲ್ಲಿ, ಭೌತವಿಜ್ಞಾನಿ ಗುನ್ನರ್ಸನ್ ಮತ್ತು ಜೊತೆಗಾರರು. ಎಲೆಕ್ಟ್ರಾನಿಗೆ ಆಗುವ ಒಟ್ಟು ಅಡ್ಡಿ ಒಂದೇ. ಅದನ್ನು ಸ್ಪಿನ್ ಲೆಕ್ಕದಲ್ಲಿ, ಚಾರ್ಜ್ ಲೆಕ್ಕದಲ್ಲಿ, ಜೋಡಿಗಳ ಲೆಕ್ಕದಲ್ಲಿ ಬೇರೆಬೇರೆಯಾಗಿ ಬಿಡಿಸಿ ಬರೆದರು. ಮೂರರ ಮೊತ್ತವೂ ಒಂದೇ. ಆದರೆ ಸ್ಪಿನ್ ಲೆಕ್ಕದಲ್ಲಿ ಮಾತ್ರ ಒಂದೇ ಅಲೆ ಎದ್ದು ಕಂಡಿತು: ಅಕ್ಕಪಕ್ಕದ ಸ್ಪಿನ್‌ಗಳು ಮೇಲೆ, ಕೆಳಗೆ, ಮೇಲೆ, ಕೆಳಗೆ. ಉಳಿದ ಎರಡರಲ್ಲಿ ಅದು ಚೂರುಚೂರಾಗಿ ಹರಡಿಹೋಗಿತ್ತು. ಮೊದಲೇ ಕಟ್ಟಿದ ಜೋಡಿಗಳೇ ಕಾರಣ ಅನ್ನುವವರಿಗೆ, ಕನಿಷ್ಠ ಈ ಮಾಡೆಲ್ ಒಳಗೆ, ಇದು ದೊಡ್ಡ ಪೆಟ್ಟು.

ನಿಜವಾದ ಕ್ಯುಪ್ರೇಟ್ ಹಬ್ಬರ್ಡ್ ಮಾಡೆಲ್‌ಗಿಂತ ಜಾಸ್ತಿ ಗೋಜಲು, ಒಪ್ಪುತ್ತೇನೆ. ಅದರಲ್ಲಿ ಚಾರ್ಜ್ ಅಲೆಗಳೂ ಇವೆ, ಅಂದರೆ ಚಾರ್ಜ್ ಒಂದು ಕಡೆ ಹೆಚ್ಚು, ಪಕ್ಕದಲ್ಲಿ ಕಮ್ಮಿ. 2012ರಲ್ಲಿ ಎಕ್ಸ್‌ರೇ ಅವುಗಳನ್ನು ಸ್ಪಷ್ಟವಾಗಿ ತೋರಿಸಿತು. ಅವೇ ಮೂಲ ಅನ್ನುವವರೂ ಇದ್ದಾರೆ. ಆದರೆ ಯಿಟ್ರಿಯಮ್ ಕ್ಯುಪ್ರೇಟ್‌ನಲ್ಲಿ ಆ ಅಲೆಗಳು ಏಳುವುದು ಹುಸಿ ಗ್ಯಾಪ್ ಶುರುವಾಗಿ, ಇನ್ನಷ್ಟು ತಂಪಾದ ಮೇಲೆ. ತಡವಾಗಿ ಬಂದವನ ಮೇಲೆ ನನಗಂತೂ ಅನುಮಾನ ಇಲ್ಲ.